ಪೋಸ್ಟ್‌ಗ್ರೆಸ್ ಫಂಕ್ಷನ್ ಒಳಗಿನ ಕ್ವೆರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡೋದು ಹೇಗೆ? ನನ್ನ ಗಡಿಯಾರ ಸೊನ್ನೆಯಲ್ಲೇ ನಿಂತಿದೆ

ಡೇರಿ_ಲೆಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾಲಿನ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಚಿಕ್ಕ ತಂಡ ನಮ್ಮದು, ಒಟ್ಟು ಮೂರೇ ಜನ. 15 ದಿನಕ್ಕೊಮ್ಮೆ ಬಟವಾಡೆ. 60 ಸಂಘ, ಹಾಲು ಹಾಕುವವರು ಸುಮಾರು 9,000 ಜನ, ದಿನಕ್ಕೆ ಬೆಳಗ್ಗೆ ಸಂಜೆ ಎರಡು ಹೊತ್ತು. ಅಂದರೆ ಒಂದು ಬಟವಾಡೆಗೆ 2,70,000 ಸಾಲು. ಇದಕ್ಕೆಲ್ಲ ಒಂದೇ ಪಿಎಲ್‌ಪಿಜಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಳಗೇ ಓಡುವ ಭಾಷೆ) ಫಂಕ್ಷನ್, ಹೆಸರು ಬಟವಾಡೆ_ಮಾಡು. ಅದು ಮೊದಲು ಹಳೇ ಕರಡು ಅಳಿಸುತ್ತದೆ, ಆಮೇಲೆ ಲೂಪಿನಲ್ಲಿ ಒಂದೊಂದೇ ಸಾಲಿಗೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ನೋಡಿ ದರ ಹಾಕುತ್ತದೆ, ಪಶು ಆಹಾರ, ಮುಂಗಡ ಎಲ್ಲ ಕಡಿತ ಮಾಡುತ್ತದೆ, ಕೊನೆಗೆ ಬಿಲ್ ಬರೆಯುತ್ತದೆ.

ಇದಕ್ಕೆ ಈಗ 3 ನಿಮಿಷ 10 ಸೆಕೆಂಡ್ ಹಿಡಿಯುತ್ತಿದೆ. ಯಾವ ಹಂತ ತಿನ್ನುತ್ತಿದೆ ಅಂತಲೇ ಗೊತ್ತಾಗುತ್ತಿಲ್ಲ.

ಮೊದಲು ಪ್ರತಿ ಹಂತದ ಹಿಂದೆ ಮುಂದೆ ನೌ() ತೆಗೆದುಕೊಂಡು ಕಳೆದು ನೋಡಿದೆ. ನಾಲ್ಕೂ ಹಂತಕ್ಕೆ 00:00:00 ಬಂತು. ಮೂರು ನಿಮಿಷ ಎಲ್ಲಿ ಹೋಯಿತು ಹಾಗಾದರೆ? ಆಮೇಲೆ ಎಕ್ಸ್‌ಪ್ಲೇನ್ ಅನಲೈಝ್ (ಕ್ವೆರಿ ಓಡಿಸಿ, ಅದು ಹೇಗೆ ಓಡಿತು ಅಂತ ತೋರಿಸುವ ಕಮಾಂಡ್) ಹಾಕಿದೆ. ಒಂದೇ ಸಾಲು ಕೊಟ್ಟಿತು: ರಿಸಲ್ಟ್, ಕಾಸ್ಟ್ 0.00..0.26, ಆಕ್ಚುವಲ್ ಟೈಮ್ 190112 ಮಿಲಿಸೆಕೆಂಡ್. ಅಷ್ಟೇ. ಲಾಗ್_ಮಿನ್_ಡ್ಯುರೇಷನ್_ಸ್ಟೇಟ್‌ಮೆಂಟ್ ಆನ್ ಮಾಡಿದರೂ ಲಾಗಿನಲ್ಲಿ ಬರೋದು ಹೊರಗಿನ ಸೆಲೆಕ್ಟ್ ಒಂದೇ, ಒಳಗಿನ ಕ್ವೆರಿಗಳ ಸುದ್ದಿಯೇ ಇಲ್ಲ.

ವರ್ಷನ್ 15. ಸರ್ವರ್ ನಮ್ಮದೇ, ಸೂಪರ್‌ಯೂಸರ್ ಪಾಸ್‌ವರ್ಡ್ ಕೈಯಲ್ಲಿದೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಹಳೇ_ಡಿಬಿಎ ಉತ್ತರ:

ನಿಮ್ಮ ಗಡಿಯಾರ ಕೆಟ್ಟಿಲ್ಲ. ನೌ() ಹೇಳೋದು ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಕೆಲಸದ ಕಟ್ಟು) ಶುರುವಾದ ಹೊತ್ತು. ಆ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ಬೇಕಂತಲೇ ಹಾಗೆ ಮಾಡಿದ್ದಾರೆ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆದ ಸಾಲುಗಳಿಗೆಲ್ಲ ಒಂದೇ ಸಮಯದ ಮುದ್ರೆ ಬೀಳಲಿ ಅಂತ. ಕರೆಂಟ್_ಟೈಮ್‌ಸ್ಟ್ಯಾಂಪ್ ಕೂಡ ಇದೇ ಜಾತಿ. ಸ್ಟೇಟ್‌ಮೆಂಟ್_ಟೈಮ್‌ಸ್ಟ್ಯಾಂಪ್() ಅಂತ ಇನ್ನೊಂದಿದೆ, ಹೆಸರು ನೋಡಿ ಮೋಸಹೋಗಬೇಡಿ. ಅದು ಕ್ಲೈಂಟ್‌ನಿಂದ ಕೊನೆಯ ಕಮಾಂಡ್ ಬಂದ ಹೊತ್ತನ್ನು ಕೊಡುತ್ತದೆ. ನೀವು ಹೊರಗಿನಿಂದ ಕೊಟ್ಟದ್ದು ಒಂದೇ ಕಮಾಂಡ್, ಹಾಗಾಗಿ ಒಳಗೆ ಎಷ್ಟು ಕ್ವೆರಿ ಓಡಿದರೂ ಅದೂ ಅಲುಗಾಡುವುದಿಲ್ಲ.

ನಿಮಗೆ ಬೇಕಾದ್ದು ಕ್ಲಾಕ್_ಟೈಮ್‌ಸ್ಟ್ಯಾಂಪ್(). ಕೇಳಿದಾಗಲೆಲ್ಲ ಆ ಕ್ಷಣದ ನಿಜವಾದ ಸಮಯ ಕೊಡುತ್ತದೆ. ಹೀಗೆ ಬರೆಯಿರಿ (ಮೊಬೈಲಿನಲ್ಲಿದ್ದೇನೆ, ಕೀಬೋರ್ಡ್ ಬದಲಿಸಲು ಸೋಮಾರಿತನ, ನೀವು ಇಂಗ್ಲಿಷಿಗೆ ತಿರುಗಿಸಿಕೊಳ್ಳಿ):

ಡಿಕ್ಲೇರ್
  ಶುರು ಟೈಮ್‌ಸ್ಟ್ಯಾಂಪ್‌ಟಿಝಡ್;
ಬಿಗಿನ್
  ಶುರು := ಕ್ಲಾಕ್_ಟೈಮ್‌ಸ್ಟ್ಯಾಂಪ್();
  ಪರ್ಫಾರ್ಮ್ ಕರಡು_ಅಳಿಸು(ಅವಧಿ);
  ರೈಸ್ ನೋಟಿಸ್ 'ಅಳಿಸಿದ್ದಕ್ಕೆ: %', ಕ್ಲಾಕ್_ಟೈಮ್‌ಸ್ಟ್ಯಾಂಪ್() - ಶುರು;

ಮುಂದಿನ ಹಂತಕ್ಕೆ ಮತ್ತೆ ಶುರು ಹೊಸದಾಗಿ ತುಂಬಿ. ಅಂದ ಹಾಗೆ, 'ಶುರು' ಅಂತ ಕನ್ನಡದಲ್ಲೇ ವೇರಿಯಬಲ್ ಇಟ್ಟರೂ ಪೋಸ್ಟ್‌ಗ್ರೆಸ್ ತಕರಾರು ಮಾಡುವುದಿಲ್ಲ, ಬೇಕಿದ್ದರೆ ಪರೀಕ್ಷೆ ಮಾಡಿ. ನಿಮ್ಮ ಜೊತೆಯವರು ತಕರಾರು ಮಾಡಿದರೆ ಅದು ನಿಮಗೆ ಬಿಟ್ಟದ್ದು.

ಒಂದು ಎಚ್ಚರಿಕೆ. ಈ ಸಮಯವನ್ನು ಅದೇ ಫಂಕ್ಷನ್ ಒಳಗಿಂದ ಟೇಬಲಿಗೆ ಬರೆದಿಟ್ಟರೆ, ಮಧ್ಯೆ ಎರರ್ ಬಂದು ರೋಲ್‌ಬ್ಯಾಕ್ (ಮಾಡಿದ್ದೆಲ್ಲ ರದ್ದು) ಆದಾಗ ಅಳತೆಯ ಸಾಲುಗಳೂ ಹೋಗಿಬಿಡುತ್ತವೆ. ನಿಮಗೆ ಅವು ಬೇಕಾಗೋದು ಆವಾಗಲೇ ತಾನೇ? ರೈಸ್ ನೋಟಿಸ್ ಅಥವಾ ರೈಸ್ ಲಾಗ್ (ಪರದೆಗೆ ಇಲ್ಲವೇ ಲಾಗಿಗೆ ಸಂದೇಶ ಕಳಿಸುವುದು) ಆದರೆ ಅಷ್ಟು ಹೊತ್ತಿಗೆ ಆಚೆ ಹೋಗಿರುತ್ತದೆ, ವಾಪಸ್ ಬರುವುದಿಲ್ಲ.

ಡೇರಿ_ಲೆಕ್ಕ:

ಸರ್, ತುಂಬಾ ಥ್ಯಾಂಕ್ಸ್. ಈಗ ಗಡಿಯಾರ ಓಡಿತು. ಅಳಿಸುವುದಕ್ಕೆ 2 ಸೆಕೆಂಡ್, ದರ ಹಾಕುವ ಲೂಪಿಗೆ 171 ಸೆಕೆಂಡ್, ಕಡಿತಕ್ಕೆ 9, ಬಿಲ್ ಬರೆಯಲು 8.

ಕಳ್ಳ ಲೂಪಿನಲ್ಲೇ ಇದ್ದಾನೆ ಅಂತ ಗೊತ್ತಾಯಿತಲ್ಲ, ಉತ್ಸಾಹದಲ್ಲಿ ರೈಸ್ ನೋಟಿಸ್ ಅನ್ನು ಲೂಪಿನ ಒಳಗೇ ಹಾಕಿಬಿಟ್ಟೆ. 2,70,000 ಸಲ. ಪಿಜಿಅಡ್ಮಿನ್ ಕಿಟಕಿ ಬೆಳ್ಳಗಾಗಿ ನಿಂತುಬಿಟ್ಟಿತು, ಲ್ಯಾಪ್‌ಟಾಪ್ ಫ್ಯಾನ್ ಹೆಲಿಕಾಪ್ಟರ್ ಥರ ಶಬ್ದ ಮಾಡೋಕೆ ಶುರು. ಕೊನೆಗೆ ಕೊಂದು ಎದ್ದೆ. ನಗಬೇಡಿ.

ಲೂಪಿನ ಒಳಗೆ ಎರಡು ಕೆಲಸ ಇದೆ: ದರ_ಹುಡುಕು ಅನ್ನೋ ಚಿಕ್ಕ ಫಂಕ್ಷನ್ ಕರೆಯೋದು, ಆಮೇಲೆ ಆ ಸಾಲನ್ನು ಅಪ್‌ಡೇಟ್ ಮಾಡೋದು. ಯಾವುದು ಎಷ್ಟು ತಿನ್ನುತ್ತಿದೆ ಅಂತ ನೋಟಿಸ್ ಇಲ್ಲದೆ ತಿಳಿಯೋದು ಹೇಗೆ?

ಜಾವಾ_ಮಾವ:

ಇಷ್ಟೆಲ್ಲ ಯಾಕೆ? ಲೆಕ್ಕವನ್ನು ಡೇಟಾಬೇಸಿನ ಹೊಟ್ಟೆಯಲ್ಲಿ ಇಟ್ಟರೆ ಹೀಗೇ ಆಗೋದು. ಅಪ್ಲಿಕೇಷನ್‌ಗೆ ತನ್ನಿ, ಪ್ರೊಫೈಲರ್ ಹಚ್ಚಿ, ಮುಗೀತು.

ಹಳೇ_ಡಿಬಿಎ:

ಮಾವ, 2,70,000 ಸಾಲನ್ನು ನೆಟ್‌ವರ್ಕ್ ಮೇಲೆ ಒಂದೊಂದಾಗಿ ಎಳೆದು ದರ ಕೇಳಿದರೆ ಮೂರು ನಿಮಿಷ ಆರು ನಿಮಿಷ ಆಗುತ್ತದೆ. ಜಾಗ ಬದಲಾಯಿಸಿದರೆ ರೋಗ ಹೋಗುವುದಿಲ್ಲ, ಮೊದಲು ರೋಗ ಯಾವುದು ಅಂತ ನೋಡೋಣ.

ಪ್ಲ್ಯಾನ್_ಪುಟ್ಟಿ ಉತ್ತರ:

ದರ_ಹುಡುಕು ಬೇರೆ ಫಂಕ್ಷನ್ ಆಗಿರೋದು ನಿಮ್ಮ ಅದೃಷ್ಟ. ಕೋಡ್ ಮುಟ್ಟದೆ ಅಳೆಯಬಹುದು. ಸೆಷನ್‌ನಲ್ಲಿ ಸೆಟ್ ಟ್ರ್ಯಾಕ್_ಫಂಕ್ಷನ್ಸ್ = 'ಪಿಎಲ್' ಅಂತ ಕೊಡಿ (ಮೊದಲಿಗೆ ಇದು 'ನನ್' ಆಗಿರುತ್ತದೆ, ಬದಲಿಸಲು ಸೂಪರ್‌ಯೂಸರ್ ಬೇಕು, ನಿಮಗಿದೆ). ಬಟವಾಡೆ ಒಮ್ಮೆ ಓಡಿಸಿ, ಆಮೇಲೆ ಪಿಜಿ_ಸ್ಟ್ಯಾಟ್_ಯೂಸರ್_ಫಂಕ್ಷನ್ಸ್ ನೋಡಿ. ಎಷ್ಟು ಸಲ ಕರೆದರು, ಟೋಟಲ್_ಟೈಮ್, ಸೆಲ್ಫ್_ಟೈಮ್ ಮೂರೂ ಇರುತ್ತವೆ, ಸಮಯ ಮಿಲಿಸೆಕೆಂಡಿನಲ್ಲಿ.

ಸೆಲ್ಫ್_ಟೈಮ್ ಬಗ್ಗೆ ನಮ್ಮ ಆಫೀಸಿನಲ್ಲೇ ಒಂದು ವಾರ ಜಗಳ ಆಗಿತ್ತು. ಅದು ಆ ಫಂಕ್ಷನ್ ಕೋಡಿನ ಸಮಯ ಮಾತ್ರ, ಒಳಗಿನ ಕ್ವೆರಿಯ ಸಮಯ ಸೇರಿಲ್ಲ ಅಂತ ಒಬ್ಬರ ವಾದ. ಹಾಗಲ್ಲ. ಅದರೊಳಗಿನ ಕ್ವೆರಿಗಳ ಸಮಯವೂ ಸೆಲ್ಫ್‌ನಲ್ಲೇ ಬರುತ್ತದೆ. ಅದು ಕರೆದ *ಬೇರೆ ಫಂಕ್ಷನ್‌ಗಳ* ಸಮಯ ಮಾತ್ರ ಕಳೆದಿರುತ್ತದೆ. ಇನ್ನೊಂದು, ಬರೀ ಎಸ್‌ಕ್ಯೂಎಲ್‌ನಲ್ಲಿ ಬರೆದ ಪುಟಾಣಿ ಫಂಕ್ಷನ್ ಕ್ವೆರಿಯ ಒಳಗೇ ಕರಗಿಹೋದರೆ ಈ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ನಿಮ್ಮದು ಪಿಎಲ್‌ಪಿಜಿಎಸ್‌ಕ್ಯೂಎಲ್, ಕಾಣಿಸುತ್ತದೆ.

ಒಂದೊಂದು ಕ್ವೆರಿಯ ಲೆಕ್ಕವೂ ಬೇಕಿದ್ದರೆ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಹಾಕಿ. ಅದರ ಟ್ರ್ಯಾಕ್ ಸೆಟ್ಟಿಂಗ್ ಮೊದಲಿಗೆ 'ಟಾಪ್' ಆಗಿರುತ್ತದೆ, ಅಂದರೆ ಹೊರಗಿನದು ಮಾತ್ರ. 'ಆಲ್' ಮಾಡಿದರೆ ಫಂಕ್ಷನ್ ಒಳಗಿನವೂ ಬರುತ್ತವೆ. ಲೈಬ್ರರಿ ಲೋಡ್ ಮಾಡಲು ಸರ್ವರ್ ಒಮ್ಮೆ ರೀಸ್ಟಾರ್ಟ್ ಆಗಬೇಕು, ಬಟವಾಡೆ ದಿನ ಮಾಡಬೇಡಿ. ಹಳೇ ಬ್ಲಾಗ್ ನೋಡಿ ಟೋಟಲ್_ಟೈಮ್ ಕಾಲಂ ಹುಡುಕಿದರೆ ಸಿಗಲ್ಲ, 13ರಿಂದ ಅದು ಟೋಟಲ್_ಎಕ್ಸಿಕ್_ಟೈಮ್ ಆಗಿದೆ.

ಡೇರಿ_ಲೆಕ್ಕ:

ಮೇಡಂ, ಬಂತು!

ದರ_ಹುಡುಕು: 2,70,000 ಸಲ, ಟೋಟಲ್ 1,56,600, ಸೆಲ್ಫ್ ಕೂಡ 1,56,600.
ಬಟವಾಡೆ_ಮಾಡು: 1 ಸಲ, ಟೋಟಲ್ 1,90,000, ಸೆಲ್ಫ್ 33,400. (ಕೊನೆಯ ಅಂಕಿಗಳನ್ನು ಸರಿಸುಮಾರು ಮಾಡಿದ್ದೇನೆ.)

ಭಾಗಿಸಿದರೆ ಒಂದು ಸಲಕ್ಕೆ 0.58 ಮಿಲಿಸೆಕೆಂಡ್. ಇದು ನಿಧಾನ ಅನ್ನಬೇಕಾ? ಅರ್ಧ ಮಿಲಿಸೆಕೆಂಡ್ ಅಂದರೆ ಚೆನ್ನಾಗಿಯೇ ಇದೆಯಲ್ಲ ಅನಿಸುತ್ತೆ. ದರ ಪಟ್ಟಿ ಟೇಬಲ್ ಚಿಕ್ಕದು. ಫ್ಯಾಟ್ 3.0ರಿಂದ 6.0, ಎಸ್‌ಎನ್‌ಎಫ್ 7.5ರಿಂದ 9.5, ಎರಡೂ 0.1 ಹೆಜ್ಜೆ, ಒಂದು ಪಟ್ಟಿಗೆ 651 ಸಾಲು. ದರ ಬದಲಾದಾಗಲೆಲ್ಲ ಹೊಸ ಪಟ್ಟಿ, ಈವರೆಗೆ 7 ಪಟ್ಟಿ, ಒಟ್ಟು 4,557. ಫ್ಯಾಟ್, ಎಸ್‌ಎನ್‌ಎಫ್, ಜಾರಿ ದಿನಾಂಕ ಈ ಕ್ರಮದಲ್ಲಿ ಇಂಡೆಕ್ಸೂ (ಬೇಗ ಹುಡುಕಲು ಇಟ್ಟ ಸೂಚಿ) ಇದೆ.

ಹಳೇ_ಡಿಬಿಎ:

ಇಂಡೆಕ್ಸ್ ಮೇಲೆ ಒಂದು ಸಾಲು ಹುಡುಕಲು 0.58 ಜಾಸ್ತಿ. ಎಲ್ಲ ಮೆಮೊರಿಯಲ್ಲೇ ಇರುವಾಗ ಇದರ ಹತ್ತನೇ ಒಂದು ಭಾಗ ಸಾಕು. ಇಂಡೆಕ್ಸ್ ಇದೆ ಅನ್ನೋದು ಬೇರೆ, ಅದನ್ನು ಬಳಸುತ್ತಿದೆ ಅನ್ನೋದು ಬೇರೆ. ಪ್ಲ್ಯಾನ್ (ಕ್ವೆರಿ ಓಡಿಸಲು ಡೇಟಾಬೇಸ್ ಆರಿಸಿಕೊಂಡ ದಾರಿ) ನೋಡಬೇಕು. ಪುಟ್ಟಿ, ಆಟೋ_ಎಕ್ಸ್‌ಪ್ಲೇನ್ ನೀನೇ ಹೇಳಿಬಿಡು, ನನ್ನ ಬ್ಯಾಟರಿ 4% ಇದೆ.

ಪ್ಲ್ಯಾನ್_ಪುಟ್ಟಿ:

ಆಯ್ತು ಸರ್.

ಫಂಕ್ಷನ್ ಒಳಗಿನ ಕ್ವೆರಿಯ ಪ್ಲ್ಯಾನ್ ನೋಡಲು ಆಟೋ_ಎಕ್ಸ್‌ಪ್ಲೇನ್ ಅಂತ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಮಾಡ್ಯೂಲ್ ಇದೆ. ರೀಸ್ಟಾರ್ಟ್ ಬೇಡ, ಒಂದು ಸೆಷನ್‌ಗೆ ಮಾತ್ರ ಹಾಕಿಕೊಳ್ಳಬಹುದು:

ಲೋಡ್ 'ಆಟೋ_ಎಕ್ಸ್‌ಪ್ಲೇನ್';
ಸೆಟ್ ಆಟೋ_ಎಕ್ಸ್‌ಪ್ಲೇನ್.ಲಾಗ್_ಮಿನ್_ಡ್ಯುರೇಷನ್ = 0;
ಸೆಟ್ ಆಟೋ_ಎಕ್ಸ್‌ಪ್ಲೇನ್.ಲಾಗ್_ಅನಲೈಝ್ = ಆನ್;
ಸೆಟ್ ಆಟೋ_ಎಕ್ಸ್‌ಪ್ಲೇನ್.ಲಾಗ್_ನೆಸ್ಟೆಡ್_ಸ್ಟೇಟ್‌ಮೆಂಟ್ಸ್ = ಆನ್;
ಸೆಟ್ ಕ್ಲೈಂಟ್_ಮಿನ್_ಮೆಸೇಜಸ್ = ಲಾಗ್;

ನಾಲ್ಕನೆಯದು ಮರೆತರೆ ಫಂಕ್ಷನ್ ಮತ್ತೆ ಮುಚ್ಚಿದ ಡಬ್ಬಿ. ಕೊನೆಯದು ಲಾಗ್ ಫೈಲ್ ಹುಡುಕುವ ಕಷ್ಟ ತಪ್ಪಿಸುತ್ತದೆ, ಪ್ಲ್ಯಾನ್ ನಿಮ್ಮ ಪರದೆ ಮೇಲೇ ಬೀಳುತ್ತದೆ.

ಈಗ ಮುಖ್ಯ ವಿಷಯ. ಎಲ್ಲರೂ ಕಲಿಸೋದು ಮಿನ್_ಡ್ಯುರೇಷನ್ ಅನ್ನು 100 ಮಿಲಿಸೆಕೆಂಡೋ ಒಂದು ಸೆಕೆಂಡೋ ಇಡಿ ಅಂತ. ನಿಮ್ಮ ಕೇಸಿನಲ್ಲಿ ಹಾಗೆ ಇಟ್ಟಿದ್ದರೆ ಜನ್ಮದಲ್ಲಿ ಸಿಗುತ್ತಿರಲಿಲ್ಲ, ಯಾಕೆಂದರೆ ಲೂಪಿನ ಒಳಗಿನ ಯಾವ ಒಂದು ಕ್ವೆರಿಯೂ ಒಂದು ಮಿಲಿಸೆಕೆಂಡ್ ದಾಟುತ್ತಿಲ್ಲ, ನೆಲ್ಲಿಕಾಯಿ ಮೂಟೆ ಥರ ಚಿಲ್ಲರೆ ಚಿಲ್ಲರೆ ಸೇರಿಯೇ 156 ಸೆಕೆಂಡ್ ಆಗಿರೋದು. ಅದಕ್ಕೇ ಸೊನ್ನೆ ಇಡಬೇಕು. ಆದರೆ ಸೊನ್ನೆ ಇಟ್ಟು ಪೂರ್ತಿ ಬಟವಾಡೆ ಓಡಿಸಿದರೆ ಮತ್ತೆ ಹೆಲಿಕಾಪ್ಟರ್. ಸ್ಯಾಂಪಲ್_ರೇಟ್ ಅಂತ ಸೆಟ್ಟಿಂಗ್ ಇದೆ, ಸಾವಿರಕ್ಕೊಂದು ಬರೆಯಲಿ ಅಂತ ನಾನೂ ಒಮ್ಮೆ ಹಾಗೆ ಮಾಡಿದ್ದೆ. ನಡೆಯಲ್ಲ. ಒಳಗಿನ ಕ್ವೆರಿಗಳ ವಿಷಯದಲ್ಲಿ ಅದು ಬರೆದರೆ ಎಲ್ಲವನ್ನೂ ಬರೆಯುತ್ತದೆ, ಬಿಟ್ಟರೆ ಎಲ್ಲವನ್ನೂ ಬಿಡುತ್ತದೆ.

ಸುಮ್ನೆ ಒಬ್ಬರೇ ಹಾಲು ಹಾಕುವವರನ್ನು ಆರಿಸಿ ಓಡಿಸಿ. 15 ದಿನ, ಎರಡು ಹೊತ್ತು, 30 ಸಲ. ಬಿಗಿನ್ ಕೊಟ್ಟು ಓಡಿಸಿ ರೋಲ್‌ಬ್ಯಾಕ್ ಮಾಡಿ, ಅಸಲಿ ಬಿಲ್ ಹಾಳಾಗುವುದಿಲ್ಲ. ಬಿಲ್ ನಂಬರ್ ಸೀಕ್ವೆನ್ಸ್‌ನಿಂದ ಬರುತ್ತಿದ್ದರೆ ಅದು ಮಾತ್ರ ಮುಂದಕ್ಕೆ ಹೋಗಿರುತ್ತದೆ, ರೋಲ್‌ಬ್ಯಾಕ್ ಅದನ್ನು ಹಿಂದಕ್ಕೆ ತರುವುದಿಲ್ಲ. ಆಡಿಟ್‌ನವರು ಬಿಲ್ ನಂಬರ್ ಯಾಕೆ ಹಾರಿದೆ ಅಂತ ಕೇಳುವವರಾದರೆ ಟೆಸ್ಟ್ ಡೇಟಾಬೇಸಿನಲ್ಲಿ ಮಾಡಿ.

ಮೊದಲ ಐದು ಪ್ಲ್ಯಾನ್ ಒಂದು ಥರ, ಆರನೆಯದರಿಂದ ಇನ್ನೊಂದು ಥರ ಕಂಡರೆ ಗಾಬರಿ ಬೇಡ. ಪಿಎಲ್‌ಪಿಜಿಎಸ್‌ಕ್ಯೂಎಲ್ ಒಂದು ಕ್ವೆರಿಗೆ ಮೊದಲ ಐದು ಸಲ ಅಸಲಿ ಮೌಲ್ಯ ನೋಡಿ ಪ್ಲ್ಯಾನ್ ಮಾಡುತ್ತದೆ, ಆಮೇಲೆ ಲಾಭ ಅನಿಸಿದರೆ ಎಲ್ಲ ಮೌಲ್ಯಕ್ಕೂ ಒಂದೇ ಸಾಮಾನ್ಯ ಪ್ಲ್ಯಾನ್ ಇಟ್ಟುಕೊಳ್ಳುತ್ತದೆ. ಆವಾಗ ಸಂಖ್ಯೆಯ ಜಾಗದಲ್ಲಿ $7 ಥರ ಗುರುತು ಕಾಣುತ್ತದೆ. ಆರನೇ ಸಲದಿಂದ ನಿಧಾನ ಆಗುವ ಕೇಸುಗಳೂ ಇವೆ, ಅದಕ್ಕೆ ಪ್ಲ್ಯಾನ್_ಕ್ಯಾಶ್_ಮೋಡ್ ಇದೆ. ನಿಮ್ಮದು ಅದಲ್ಲ ಅಂದುಕೊಂಡಿದ್ದೇನೆ, ಲಾಗ್ ಹಾಕಿ.

ಡೇರಿ_ಲೆಕ್ಕ:

ಇಗೋ, ಹತ್ತನೇ ಸಲದ್ದು:

ಸೀಕ್ ಸ್ಕ್ಯಾನ್ ಆನ್ ದರ_ಪಟ್ಟಿ (ಆಕ್ಚುವಲ್ ರೋಸ್=1 ಲೂಪ್ಸ್=1)
  ಫಿಲ್ಟರ್: ((ಫ್ಯಾಟ್)::ಡಬಲ್ ಪ್ರಿಸಿಷನ್ = $1) ಆಂಡ್ ((ಎಸ್‌ಎನ್‌ಎಫ್)::ಡಬಲ್ ಪ್ರಿಸಿಷನ್ = $2) ಆಂಡ್ ...
  ರೋಸ್ ರಿಮೂವ್ಡ್ ಬೈ ಫಿಲ್ಟರ್: 4556

ಪ್ರತಿ ಸಲವೂ ಇಡೀ ಟೇಬಲ್ ಓದಿ 4,556 ಎಸೆದು ಒಂದು ಇಟ್ಟುಕೊಳ್ಳುತ್ತಿದೆ. ಇಂಡೆಕ್ಸ್ ಯಾಕೆ ಮುಟ್ಟುತ್ತಿಲ್ಲ?

ಪ್ಲ್ಯಾನ್_ಪುಟ್ಟಿ:

ಆ ::ಡಬಲ್ ಪ್ರಿಸಿಷನ್ ನೋಡಿ, ಅದೇ ಕಳ್ಳ. ಟೇಬಲಿನಲ್ಲಿ ಫ್ಯಾಟ್ ಕಾಲಂ ನ್ಯೂಮರಿಕ್ (ನಿಖರ ದಶಮಾಂಶ) ಇರಬೇಕು, ದರ_ಹುಡುಕು ಫಂಕ್ಷನ್‌ನ ಪ್ಯಾರಾಮೀಟರ್ ಡಬಲ್ ಪ್ರಿಸಿಷನ್ (ಅಂದಾಜು ದಶಮಾಂಶ) ಅಂತ ಬರೆದಿದ್ದೀರಿ ಅಲ್ವಾ? ನ್ಯೂಮರಿಕ್ ಮತ್ತು ಡಬಲ್ ಹೋಲಿಸುವಾಗ ಪೋಸ್ಟ್‌ಗ್ರೆಸ್ ನ್ಯೂಮರಿಕ್ ಅನ್ನು ಡಬಲ್‌ಗೆ ತಿರುಗಿಸುತ್ತದೆ. ತಿರುಗುತ್ತಿರುವುದು ನಿಮ್ಮ ಕಾಲಂ. ಇಂಡೆಕ್ಸ್ ಇರೋದು ನ್ಯೂಮರಿಕ್ ಫ್ಯಾಟ್ ಮೇಲೆ, ತಿರುಗಿಸಿದ ಫ್ಯಾಟ್ ಮೇಲಲ್ಲ. ಹಾಗಾಗಿ ಅದು ಕೈಗೆ ಬರುವುದಿಲ್ಲ. ಇದೇ ಕ್ವೆರಿಯನ್ನು ನೀವು ಹೊರಗೆ 4.1 ಅಂತ ಕೈಯಲ್ಲಿ ಬರೆದು ಓಡಿಸಿದರೆ ಆ 4.1 ನ್ಯೂಮರಿಕ್ ಆಗಿಯೇ ಹೋಗುತ್ತದೆ, ಇಂಡೆಕ್ಸ್ ಸಿಗುತ್ತದೆ, ಚಕ್ಕನೆ ಬರುತ್ತದೆ. "ಹೊರಗೆ ಬೇಗ, ಫಂಕ್ಷನ್ ಒಳಗೆ ನಿಧಾನ" ಅಂತ ಬರುವ ದೂರುಗಳಲ್ಲಿ ಇದೂ ಒಂದು.

ಡೇರಿ_ಲೆಕ್ಕ:

ಹೌದು ಮೇಡಂ, ಡಬಲ್ ಅಂತಲೇ ಇದೆ. ದಶಮಾಂಶ ಅಂದರೆ ಡಬಲ್ ಅಂತ ಕಾಲೇಜಿನಿಂದ ಬಂದ ಚಾಳಿ. ಹೊರಗೆ ಓಡಿಸಿ ನೋಡಿ "ಕ್ವೆರಿ ಚೆನ್ನಾಗಿದೆ" ಅಂತ ಎರಡು ತಿಂಗಳ ಹಿಂದೆ ನಾನೇ ಸರ್ಟಿಫಿಕೇಟ್ ಕೊಟ್ಟಿದ್ದೆ.

ಪ್ಯಾರಾಮೀಟರ್ ಎರಡನ್ನೂ ನ್ಯೂಮರಿಕ್ ಮಾಡಿದೆ. 0.58 ಇದ್ದದ್ದು 0.04 ಆಯಿತು. ಪೂರ್ತಿ ಬಟವಾಡೆ 190ರಿಂದ 44 ಸೆಕೆಂಡಿಗೆ ಇಳಿಯಿತು. ಎರಡು ಪದ ಬದಲಿಸಿದ್ದಕ್ಕೆ!

ಮೈಎಸ್‌ಕ್ಯೂಎಲ್_ಮಂದಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹುಡುಕಿಕೊಂಡು ಇಲ್ಲಿಗೆ ಬರುವ ಮೈಎಸ್‌ಕ್ಯೂಎಲ್‌ನವರಿಗೆ: ನಮ್ಮಲ್ಲೂ ಇದೇ ಗುಂಡಿ ಇದೆ. ಸ್ಟೋರ್ಡ್ ಫಂಕ್ಷನ್ ಒಳಗೆ ನೌ() ಆ ಫಂಕ್ಷನ್ ಶುರುವಾದ ಹೊತ್ತಿಗೇ ಅಂಟಿಕೊಂಡಿರುತ್ತದೆ. ಓಡುವ ಗಡಿಯಾರ ಬೇಕಿದ್ದರೆ ಸಿಸ್‌ಡೇಟ್(6). ಆ 6 ಹಾಕದಿದ್ದರೆ ಪೂರ್ತಿ ಸೆಕೆಂಡ್ ಮಾತ್ರ ಬರುತ್ತದೆ, ಚಿಕ್ಕ ಕ್ವೆರಿಗಳೆಲ್ಲ ಸೊನ್ನೆ ಕಾಣುತ್ತವೆ. ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿ ಒಳಗಿನ ಸ್ಟೇಟ್‌ಮೆಂಟ್‌ಗಳ ಸಮಯವೂ ಸಿಗುತ್ತದೆ, ಆದರೆ ಪಿಕೋಸೆಕೆಂಡಿನಲ್ಲಿ. ಮೊದಲ ಸಲ ಅಷ್ಟುದ್ದ ಸಂಖ್ಯೆ ನೋಡಿ ಸರ್ವರ್ ಸತ್ತೇ ಹೋಯಿತು ಅಂದುಕೊಂಡಿದ್ದೆ.

ಹಳೇ_ಡಿಬಿಎ:

ಚಾರ್ಜ್ ಆಯಿತು. ಭೇಷ್, ಆದರೆ 44ಕ್ಕೆ ನಿಲ್ಲಿಸಬೇಡಿ. ಲೂಪ್ ಇನ್ನೂ ಇದೆ. 2,70,000 ಸಲ ಹುಡುಕಿ 2,70,000 ಸಲ ಅಪ್‌ಡೇಟ್ ಮಾಡುವ ಬದಲು ಹಾಲಿನ ಸಾಲುಗಳನ್ನು ದರ ಪಟ್ಟಿಗೆ ಜಾಯಿನ್ ಮಾಡಿ ಒಂದೇ ಅಪ್‌ಡೇಟ್‌ನಲ್ಲಿ ಬರೆದುಬಿಡಿ. ದರ ಸಿಗದ ಸಾಲುಗಳು (ಫ್ಯಾಟ್ 2.8 ಬಂದಿರುತ್ತದೆ, ಯಾರೋ ನೀರು ಸೇರಿಸಿರುತ್ತಾರೆ) ಲೂಪಿನಲ್ಲಿ ಏನಾಗುತ್ತಿದ್ದವು ಅಂತ ನೋಡಿಕೊಳ್ಳಿ, ಜಾಯಿನ್‌ನಲ್ಲಿ ಅವು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಅವನ್ನು ಬೇರೆ ಎತ್ತಿ ತೋರಿಸಿ.

ಅಳೆಯುವ ವಿಷಯದಲ್ಲಿ ಎರಡು ಮಾತು ಬಾಕಿ ಇತ್ತು. ಒಂದು, ಪರೀಕ್ಷೆಗೆ ಅಂತ ದೊಡ್ಡ ಕ್ವೆರಿಯನ್ನು ಫಂಕ್ಷನ್ ಒಳಗೆ ಸೆಲೆಕ್ಟ್ ಇಂಟು ಮಾಡಿ ಸಮಯ ನೋಡಬೇಡಿ. ವೇರಿಯಬಲಿಗೆ ಒಂದು ಸಾಲು ಸಾಕಲ್ಲ, ಮೊದಲ ಸಾಲು ಸಿಕ್ಕಿದ ಕೂಡಲೇ ಅದು ನಿಲ್ಲಿಸಿಬಿಡುತ್ತದೆ, ನೀವು ಕ್ವೆರಿ ಭಾರೀ ಬೇಗ ಅಂತ ಖುಷಿಪಡುತ್ತೀರಿ. ಪರ್ಫಾರ್ಮ್ ಬಳಸಿ, ಅದು ಕೊನೆತನಕ ಓಡಿಸಿ ಫಲಿತಾಂಶ ಬಿಸಾಡುತ್ತದೆ. ಎರಡು, ಕ್ಲಾಕ್_ಟೈಮ್‌ಸ್ಟ್ಯಾಂಪ್() ಗೋಡೆ ಗಡಿಯಾರ ಇದ್ದ ಹಾಗೆ. ಬೇರೆ ಸೆಷನ್ ಹಿಡಿದಿಟ್ಟ ಲಾಕಿಗೆ ಕಾದ ಹೊತ್ತೂ ಅದರಲ್ಲೇ ಸೇರುತ್ತದೆ. ರಾತ್ರಿ 20 ಸೆಕೆಂಡ್, ಬೆಳಗ್ಗೆ ಸಂಘಗಳು ಹಾಲು ಎಂಟ್ರಿ ಮಾಡುವಾಗ 60 ಸೆಕೆಂಡ್ ಬಂದರೆ ಕ್ವೆರಿ ತಿದ್ದೋಕೆ ಕೂರಬೇಡಿ, ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ವೇಟ್_ಇವೆಂಟ್ ನೋಡಿ. ಲಾಗ್_ಲಾಕ್_ವೇಟ್ಸ್ ಆನ್ ಇಟ್ಟರೆ ಒಂದು ಸೆಕೆಂಡಿಗಿಂತ ಜಾಸ್ತಿ ಕಾದದ್ದು ತಾನಾಗೇ ಲಾಗಿಗೆ ಬೀಳುತ್ತದೆ.

ಜಾವಾ_ಮಾವ:

ಸರಿ ಸರಿ, ಒಪ್ಪಿದೆ. ನಮ್ಮಲ್ಲೂ ಇಂಥದ್ದೇ ಒಂದಿದೆ, ಟ್ರ್ಯಾಕ್_ಫಂಕ್ಷನ್ಸ್ ಹಚ್ಚಿ ನೋಡುತ್ತೇನೆ.

ಡೇರಿ_ಲೆಕ್ಕ:

ಲೂಪ್ ತೆಗೆದೆ. ಜಾಯಿನ್ ಹಾಕಿದ ಮೇಲೆ ಆ ಹಂತಕ್ಕೆ 3 ಸೆಕೆಂಡ್, ಒಟ್ಟು 22. ದರ ಸಿಗದ 41 ಸಾಲು ಬೇರೆ ಪಟ್ಟಿಯಲ್ಲಿ ಬರುತ್ತಿವೆ. ಹಳೇ ಲೂಪ್ ಅವಕ್ಕೆ ಸುಮ್ಮನೆ ಸೊನ್ನೆ ದರ ಹಾಕಿ ಮುಂದೆ ಹೋಗುತ್ತಿತ್ತು, ಇದು ಇಷ್ಟು ದಿನ ಯಾರಿಗೂ ಗೊತ್ತೇ ಇರಲಿಲ್ಲ.

ಹಂತದ ನೋಟಿಸ್‌ಗಳನ್ನು ಹಾಗೇ ಬಿಟ್ಟಿದ್ದೇನೆ, ನಾಲ್ಕೇ ಸಾಲು. ಕಡಿತದ 9 ಸೆಕೆಂಡ್ ಮುಂದಿನ ವಾರ ನೋಡುತ್ತೇನೆ.

ನಿನ್ನೆ ಅಸಲಿ ಬಟವಾಡೆ ಆಯಿತು. ಬಟನ್ ಒತ್ತಿ ಟೀ ಕುಡಿದು ಬರುವ ಅಭ್ಯಾಸ ಇದ್ದ ಆಪರೇಟರ್ ಮೇಡಂ, ಕುರ್ಚಿಯಿಂದ ಏಳುವಷ್ಟರಲ್ಲಿ ಮುಗಿದದ್ದು ನೋಡಿ ಏನೋ ಬಿಟ್ಟುಹೋಗಿದೆ ಅಂತ ಮತ್ತೊಮ್ಮೆ ಒತ್ತಿದರಂತೆ. ಮೊದಲ ಹಂತ ಹಳೇ ಕರಡು ಅಳಿಸುತ್ತದಲ್ಲ, ಬಚಾವ್.